ಭಂಡಾರದ ಹುಳ

ಮೊದಲು ತುರಿಸಿದ್ದು ಕುತ್ತಿಗೆಯ ಎಡಗಡೆ, ಕುಪ್ಪಸದ ಅಂಚಿನ ಹತ್ತಿರ. ಆಗ ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ದಾಸವಾಳದ ಹೂವಿನ ಒಳಭಾಗ ಬರೆಯುತ್ತಿದ್ದೆ. ಸುಣ್ಣದ ಕಡ್ಡಿ ಹಿಡಿದ ಕೈಯಿಂದಲೇ ಕೆರೆದುಕೊಂಡೆ. ಬೆವರುಸಾಲೆ ಇರಬೇಕೆಂದುಕೊಂಡು ಮರೆತೆ. ಸಂಜೆ ಕೋಣೆಗೆ ಬಂದು ಕನ್ನಡಿ ಹಿಡಿದು ನೋಡಿದರೆ, ಕಿವಿಯ ಕೆಳಗಿನಿಂದ ಹೆಗಲವರೆಗೆ ಸಣ್ಣ ಕೆಂಪು ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು.

ಐವತ್ತರ ದಶಕದ ನಡುವಿನ ಮಾತು. ಅಕ್ಕಲಕೋಟದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕು ನಾನು ಸೊಲ್ಲಾಪುರದ ಮನೆ ಬಿಟ್ಟು ಬಂದಿದ್ದೆ. ನಮ್ಮಪ್ಪ ಸೊಲ್ಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಮಗಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದನ್ನು ಒಪ್ಪಿಕೊಂಡಿದ್ದರು. ಪರವೂರಲ್ಲಿ ಒಬ್ಬಳೇ ಇರುವುದನ್ನು ಒಪ್ಪಲು ಬಹಳ ಯೋಚಿಸಿದರು. ಕೊನೆಗೆ ಅವರಿಗೆ ಧೈರ್ಯ ಬಂದದ್ದು ನಾನು ಬಾಡಿಗೆಗೆ ಹಿಡಿದ ಕೋಣೆಯ ಯಜಮಾನಿಯನ್ನು ನೋಡಿದ ಮೇಲೆ. ಅವರನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ನಾಗಣಸೂರದಲ್ಲಿ ಹೊಲ, ಕುರಿ ಇದ್ದ ಮನೆತನ. ಯಜಮಾನರು ಊರಲ್ಲೇ ಕುರಿ ನೋಡಿಕೊಂಡಿದ್ದರು. ಮಗ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದು ಸೂಟಿಯ ದಿನ ಬಂದು ಹೋಗುತ್ತಿದ್ದ. ಅಕ್ಕಲಕೋಟದ ಮನೆಯಲ್ಲಿದ್ದವರು ಆಯಿ, ಅವರ ಸೊಸೆ, ಸೊಸೆಯ ತೊಟ್ಟಿಲಕೂಸು. ಹಿತ್ತಲ ಕಡೆಯ ಕೋಣೆಯಲ್ಲಿ ನಾನು. ಸೊಸೆ ನನ್ನ ವಯಸ್ಸಿನವಳೇ. ನಾನವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ.

ಆ ಮಾಘ ಮಾಸದಲ್ಲಿ ಸೊಲ್ಲಾಪುರದ ನೇಕಾರರ ಪೇಟೆಗಳ ಕಡೆ ಸಿಡುಬು ಕಾಣಿಸಿದೆಯೆಂಬ ಸುದ್ದಿ ಇತ್ತು. ಯಾರೂ ಅದನ್ನು ಸಿಡುಬು ಎನ್ನುತ್ತಿರಲಿಲ್ಲ. "ದೇವಿ ಬಂದಾಳಂತ" ಎಂದು ದನಿ ತಗ್ಗಿಸಿ ಹೇಳಿ, ಎದುರಿಗೆ ಯಾರೂ ಇಲ್ಲದಿದ್ದರೂ ಕೈಮುಗಿಯುತ್ತಿದ್ದರು.

ನನಗೆ ಆ ಬೇನೆಯ ಮುಖ ಗೊತ್ತಿತ್ತು. ನಮ್ಮ ಸೋದರತ್ತೆ ಚಿಕ್ಕವರಿದ್ದಾಗ ದೇವಿ ಬಂದು, ಮುಖದ ತುಂಬ ಕುಳಿ ಬಿದ್ದು, ಒಂದು ಕಣ್ಣು ಬೆಳ್ಳಗಾಗಿತ್ತು. ಅವರ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಅವರು ಕನ್ನಡಿಯಿಲ್ಲದೆ ತಲೆ ಬಾಚಿಕೊಳ್ಳುತ್ತಿದ್ದರು. ಬೈತಲೆ ಎಂದೂ ಸೊಟ್ಟಗಾದದ್ದಿಲ್ಲ. ಅವರ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು. ಅವರ ಕೆನ್ನೆಯ ಮೇಲೆ ಬೆರಳಾಡಿಸಿಕೊಂಡೇ ನಿದ್ದೆ ಹೋಗುತ್ತಿದ್ದೆನಂತೆ. ದೊಡ್ಡವಳಾದ ಮೇಲೆ ಆ ನೆನಪು ಬಂದಾಗಲೆಲ್ಲ ಬೆರಳ ತುದಿ ಜುಮ್ಮೆನ್ನುತ್ತಿತ್ತು.

ಅದೂ ಅಲ್ಲದೆ, ಸ್ವಲ್ಪ ದಿನಗಳ ಹಿಂದಷ್ಟೇ ನಾನು ಸೊಲ್ಲಾಪುರಕ್ಕೆ ಹೋಗಿ ಬಂದಿದ್ದೆ. ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮಗುವನ್ನು ಸೆರಗಿನೊಳಗೆ ಪೂರ್ತಿ ಮುಚ್ಚಿಕೊಂಡಿದ್ದಳು. ಆಗ ಬಿಸಿಲಿಗೆಂದು ತಿಳಿದಿದ್ದೆ. ಈಗ ಕನ್ನಡಿಯ ಮುಂದೆ ನಿಂತು, ಅವಳು ಯಾಕೆ ಹಾಗೆ ಮುಚ್ಚಿಕೊಂಡಿದ್ದಳೆಂದು ಯೋಚಿಸತೊಡಗಿದೆ.

ಬಾಗಿಲಲ್ಲಿ ಆಯಿಯ ದನಿ ಕೇಳಿಸಿತು.

"ಅಕ್ಕೋರ, ಚಹಾ ಆರಾಕತ್ತದ. ಇನ್ನೂ ಬರಲಿಲ್ಲಲ್ರಿ?"

ನಾನು ಸೆರಗೆಳೆದುಕೊಂಡೆ. ಅಷ್ಟರಲ್ಲಿ ಅವರು ನೋಡಿಬಿಟ್ಟಿದ್ದರು.

"ಏನದು ಕುತ್ತಿಗಿಗಿ?"

"ಬೆವರುಸಾಲಿ ಇರಬೇಕ್ರಿ, ಆಯಿ."

ಅವರು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ತಿರುಗಿ ಪಡಸಾಲೆಯ ಕಡೆ ಕೂಗಿದರು: "ಕೂಸಿನ್ನ ಎತಗೊಂಡು ಈ ಕಡಿ ಬರಬ್ಯಾಡ!" ಆಮೇಲೆ ನನ್ನ ಕಡೆ ನೋಡಿ, "ತಾಪ ಅದ ಏನ್ರಿ? ಸ್ವಂಟಾ ನೋಯಾಕತ್ತದೇನು?" ಎಂದರು.

"ಏನೂ ಇಲ್ರಿ." ಜ್ವರವೂ ಇರಲಿಲ್ಲ, ಸೊಂಟನೋವೂ ಇರಲಿಲ್ಲ.

ಅವರು ಒಳಗೆ ಹೋಗಿ ದೇವರ ಮಾಡದಿಂದ ಭಂಡಾರದ ಚೀಲ ತಂದರು. ಅದು ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆ; ದೇವರ ಅರಿಶಿನಪುಡಿಗೆ ಅವರು ಭಂಡಾರ ಎನ್ನುತ್ತಿದ್ದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಅಲ್ಲಿಂದಲೇ ಚಿಮುಕಿಸಿ ಹೋಗುತ್ತಾರೆಂದುಕೊಂಡೆ. ಆದರೆ ಒಳಗೆ ಬಂದು ಹೆಬ್ಬೆರಳಿನಿಂದ ನನ್ನ ಹಣೆಗೆ ಒತ್ತಿ ಹಚ್ಚಿದರು.

ಮರುದಿನ ಬೆಳಿಗ್ಗೆ ವೈನಿ "ಅತ್ತೀ!" ಎಂದು ಕೂಗಿದ ಕೂಗು ನನ್ನ ಕೋಣೆಯವರೆಗೂ ಕೇಳಿಸಿತು. ನಾನು ಓಡಿಹೋಗಿ, ಪಡಸಾಲೆಯ ಬಾಗಿಲಲ್ಲಿ ನಿಂತೆ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ಎರೆಯಲೆಂದು ಬಟ್ಟೆ ಬಿಚ್ಚಿದ ಕೂಸನ್ನು ಅವಳು ಕಾಲಮೇಲೆ ಹಾಕಿಕೊಂಡಿದ್ದಳು. ಅದರ ಹೊಟ್ಟೆ, ಬೆನ್ನು, ತೊಡೆಯ ಸಂದಿ ಎಲ್ಲ ನನ್ನ ಕುತ್ತಿಗೆಯ ಹಾಗೆಯೇ ಕೆಂಪು ಗುಳ್ಳೆ.

ಆ ಕೂಸಿಗೆ ಇನ್ನೂ ದೇವಿ ಹಾಕಿಸಿರಲಿಲ್ಲ. ಸಿಡುಬು ಬಾರದ ಹಾಗೆ ತೋಳಿಗೆ ಲಸಿಕೆ ಚುಚ್ಚಿಸುವುದಕ್ಕೂ ನಮ್ಮ ಕಡೆ ದೇವಿ ಹಾಕಿಸುವುದು ಎಂದೇ ಹೆಸರು. ಕೂಸು ಸಣಕಲಾಗಿ ಹುಟ್ಟಿತ್ತು. ಒಂದು ಹಲ್ಲಾದರೂ ಬರಲಿ, ಆಮೇಲೆ ನೋಡಿದರಾಯಿತು ಎಂದು ಆಯಿ ಮುಂದೂಡಿದ್ದರು.

ವೈನಿ ನನ್ನ ಕಡೆ ನೋಡಿದಳು. ಅವಳು ಬಾಯಿಬಿಟ್ಟು ಬಯ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದ್ದಾಯಿತು. ದೇವಿ ಬಂದ ಮನೆಯಲ್ಲಿ ಎಣ್ಣೆ ಸಿಡಿಸಬಾರದೆಂದು ಒಗ್ಗರಣೆ ನಿಂತಿತು. ಹಾಲಿನವಳು ಚರಿಗೆಯನ್ನು ಬೀದಿಯಲ್ಲೇ ಇಟ್ಟು ದೂರ ನಿಂತು ಕೂಗಿದಳು. ಶಾಲೆಯ ಸಿಪಾಯಿ ಎದುರುಗಡೆಯ ಗೋಡೆಯ ಬಳಿ ನಿಂತು, "ದೊಡ್ಡ ಬಾಯಾರು ನಿಮಗ ಸಾಲಿಗಿ ಬರಬ್ಯಾಡ ಅಂದಾರ್ರಿ" ಎಂದು ಮುಖ್ಯೋಪಾಧ್ಯಾಯಿನಿಯ ಮಾತು ಹೇಳಿ ಹೋದ; ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಿ ಎನ್ನುತ್ತಿದ್ದರು. ಓಣಿಯಲ್ಲಿ ನಡೆಯುವವರು ನಮ್ಮ ಮನೆ ಬರುತ್ತಲೇ ಆಚೆ ಬದಿಗೆ ದಾಟುವುದು ಕಿಟಕಿಯಿಂದ ಕಾಣುತ್ತಿತ್ತು.

ನಾನು ಜ್ವರಕ್ಕಾಗಿ ಕಾದು ಕೂತೆ. ನನಗೆ ಚಿಕ್ಕಂದಿನಲ್ಲೇ ದೇವಿ ಹಾಕಿಸಿದ್ದರು. ತೋಳಿನ ಮೇಲೆ ಗುರುತು ಇತ್ತು. ಆದರೆ ಅದರ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ ಎಂದು ಓದಿದ್ದೆ. ಓದಿದ್ದು ಎಷ್ಟು ಹೆದರಿಸಬಲ್ಲದೆಂಬುದು ಅಂದು ತಿಳಿಯಿತು. ಹಣೆಯನ್ನು ನನ್ನ ಕೈಯಿಂದಲೇ ಮುಟ್ಟಿ ನೋಡುವೆ. ಕೈಯೂ ಹಣೆಯೂ ಒಂದೇ ಬಿಸಿ, ಏನೂ ತಿಳಿಯದು. ತಾಮ್ರದ ತಂಬಿಗೆಗೆ ಹಣೆಯಿಟ್ಟು ನೋಡುವೆ. ಗೋಡೆಗೆ ಇಟ್ಟು ನೋಡುವೆ. ಪಡಸಾಲೆಯಲ್ಲಿ ಕೂಸು ಅತ್ತಾಗಲೆಲ್ಲ ಉಸಿರು ಹಿಡಿದು ಕೇಳುವೆ. ಅದು ಅಳುವುದನ್ನು ನಿಲ್ಲಿಸಿದರೆ ಇನ್ನೂ ಭಯ.

ಹೊತ್ತು ಮುಳುಗುವಾಗ ಆಯಿ ಕಂದೀಲು ಹಚ್ಚಿ ಹಿತ್ತಲ ಕಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಅದರ ಸುತ್ತ ಹಳದಿ ಪತಂಗಗಳು ಬಂದವು. ಹಿಂದಿನ ಕೆಲವು ಸಂಜೆಗಳಲ್ಲೂ ಬಂದಿದ್ದವು, ನಾನು ಗಮನಿಸಿರಲಿಲ್ಲ. ನನ್ನ ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡವು. ಅಚ್ಚ ಅರಿಶಿನದ ಬಣ್ಣ. ಕಂದೀಲಿನ ಗಾಜಿಗೆ ಬಡಿದು ಕಟ್ಟೆಯ ಮೇಲೆ ಬಿದ್ದು, ರೋಮ ತುಂಬಿದ ಮುಂಗಾಲುಗಳನ್ನು ಮುಂದೆ ಚಾಚಿ ಸುಮ್ಮನೆ ಕೂರುತ್ತಿದ್ದವು.

ನಾನು ಒಂದನ್ನು ಹೊಡೆಯಲು ಕೈಯೆತ್ತಿದೆ.

"ಹೊಡೀಬ್ಯಾಡ್ರಿ, ಅಕ್ಕೋರ!" ಆಯಿ ದೂರದಿಂದಲೇ ಕೈಮುಗಿದರು. "ಭಂಡಾರದ ಹುಳ ಅವು. ಮೈಲಾರಪ್ಪ ಕಳಿಸ್ಯಾನ. ಇಂಥಾ ಹೊತ್ತಿನ್ಯಾಗ ಮನಿಗಿ ಬಂದಾವಂದ್ರ ಕೂಸಿನ ಕಾಯಾಕ ಬಂದಾವ."

ಅವರ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಒಂದು ಧೈರ್ಯ ಕಂಡಿತು. ನಾನು ಕೈ ಇಳಿಸಿದೆ. ಆಗಲೇ ಒಂದು ಹುಳ ನನ್ನ ಮುಂಗೈ ಮೇಲೆ ಬಿದ್ದು, ಮಣಿಕಟ್ಟಿನಿಂದ ಮೊಣಕೈಯವರೆಗೆ ರೆಕ್ಕೆ ಬಡಿಯುತ್ತ ಉರುಳಿ ಹಾರಿಹೋಯಿತು. ಒಳಗೆ ಬಂದು ಕೂತೆ. ಅನ್ನ ಮುಟ್ಟಬೇಕೆನ್ನುವಷ್ಟರಲ್ಲಿ ಮುಂಗೈ ಉರಿಯತೊಡಗಿತು. ದೀಪದ ಹತ್ತಿರ ಹಿಡಿದು ನೋಡಿದೆ. ಹುಳ ಉರುಳಿದ ಹಾದಿಯಲ್ಲೇ, ಮಣಿಕಟ್ಟಿನಿಂದ ಮೊಣಕೈವರೆಗೆ, ಗೆರೆ ಎಳೆದ ಹಾಗೆ ಗುಳ್ಳೆ ಏಳುತ್ತಿದ್ದವು.

ಬಹಳ ಹೊತ್ತು ಆ ಕೈಯನ್ನೇ ನೋಡುತ್ತ ಕೂತೆ. ಹೀಗಿರಬಹುದೇ ಎಂಬ ಆಸೆ ಹುಟ್ಟಿತು. ಆಸೆ ಹುಟ್ಟಿದ್ದಕ್ಕೇ ಹೆದರಿಕೆಯಾಯಿತು. ಅದು ಸುಳ್ಳಾದರೆ ಮತ್ತೆ ಆ ಹಳೆಯ ಭಯಕ್ಕೆ ಮರಳಬೇಕಲ್ಲ. ಎದ್ದುಹೋಗಿ ಒಂದು ಹುಳವನ್ನು ಲೋಟದಲ್ಲಿ ಮುಚ್ಚಿ ತಂದೆ. ಬಾಲದ ತುದಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದ ರೋಮದ ಕುಚ್ಚು ಇತ್ತು. ತಲೆಗೂದಲಿನ ಪಿನ್ನಿನಿಂದ ಆ ಕುಚ್ಚನ್ನು ಸವರಿ, ಗುಳ್ಳೆಯಿಲ್ಲದ ಇನ್ನೊಂದು ಕೈಯ ಒಳಭಾಗಕ್ಕೆ ಒಂದು ಚಿಕ್ಕ ವೃತ್ತ ಬರೆದೆ. ಕಣ್ಣು ಮುಚ್ಚಿ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಇರುವೆ ಕಚ್ಚಿದಂತೆ ಒಂದು ಚುಳುಕು, ಆಮೇಲೆ ಉರಿ. ಕಣ್ಣು ತೆರೆದಾಗ ವೃತ್ತ ಕೆಂಪಾಗಿ ಎದ್ದಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಬೆಳಗಾಗುತ್ತಲೇ ಆಯಿಗೆ ಹೇಳಿದೆ. ಅವರು ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು.

"ದೇವರ ಹುಳದ ಮ್ಯಾಲ ತಪ್ಪ ಹೊರಸಬ್ಯಾಡ್ರಿ, ಅಕ್ಕೋರ. ಕೂಸಿನ ಜೀವ ಅವನ ಕೈಯಾಗದ."

ಅವರು ಮೂಢತನದಿಂದ ಆಡಿದ ಮಾತೆಂದು ನನಗೆ ಆಗಲೂ ಅನಿಸಲಿಲ್ಲ. ಹಿಡಿದುಕೊಳ್ಳಲು ಅವರಿಗೆ ಸಿಕ್ಕಿದ್ದ ಒಂದೇ ಆಧಾರವನ್ನು ನಾನು ಕಿತ್ತುಕೊಳ್ಳುತ್ತಿದ್ದೆ.

ಆದರೆ ವೈನಿ ಎದ್ದು ಬಂದಳು. "ಖರೇನ್ರಿ? ಎಲ್ಲಿಂದ ಬಂದಾವ? ನಂಗ ತೋರಸ್ರಿ."

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಔಡಲದ, ಅಂದರೆ ಹರಳಿನ, ಗಿಡಗಳು ಹುಲುಸಾಗಿ ಬೆಳೆದಿದ್ದವು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅವುಗಳಲ್ಲೊಂದರ ಕಾಂಡಕ್ಕೇ ಕಟ್ಟಿತ್ತು. ನಾನು ಕೋಲಿನಿಂದ ಎಲೆಗಳನ್ನು ಮಗುಚಿದೆ. ಕೆಳಮೈಯಲ್ಲಿ ಹಳದಿ ರೋಮದ ಪುಟ್ಟ ತೇಪೆಗಳು, ಅದರಡಿ ಮೊಟ್ಟೆಗಳು. ಹೆಣ್ಣುಹುಳ ತನ್ನ ಬಾಲದ ರೋಮ ಉದುರಿಸಿ ಮೊಟ್ಟೆಗೆ ಹೊದಿಸಿತ್ತು. ಬೆನ್ನಮೇಲೆ ಕೆಂಪು ಪಟ್ಟಿ, ಮೈತುಂಬ ಕೂದಲಿನ ಕಂಬಳಿಹುಳಗಳು ಎಲೆಯ ನರಗಳನ್ನಷ್ಟೇ ಉಳಿಸಿ ತಿಂದಿದ್ದವು. ಗೋಡೆಯ ಬಿರುಕಿನಲ್ಲಿ ಒಡೆದ ಗೂಡುಗಳಿದ್ದವು. ಹಗ್ಗದ ಮೇಲೆ, ಆ ಎಲೆಗಳಿಗೆ ತಾಗುವಂತೆ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ, ಹೊದಿಸುವ ಕೌದಿ, ನನ್ನ ಕುಪ್ಪಸ ಒಣಗುತ್ತಿದ್ದವು.

ವೈನಿ ಕೋಲಿನಿಂದಲೇ ಬಟ್ಟೆಗಳನ್ನು ಎಳೆದು ಹಂಡೆಗೆ ಹಾಕಿ ಒಲೆಗೆ ಉರಿ ಇಟ್ಟಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಹೊಗೆಗೋ ಏನೋ, ನಾನು ಕೇಳಲಿಲ್ಲ.

ನನಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಹುಳದಿಂದ ಗುಳ್ಳೆ ಏಳುವುದು ನಿಜ. ಆದರೆ ಅದೇ ಮನೆಯಲ್ಲಿ ಸಿಡುಬೂ ಇರಬಾರದೆಂದೇನಿಲ್ಲವಲ್ಲ? ನನಗಿಂತ ಹೆಚ್ಚು ತಿಳಿದವರೊಬ್ಬರು ಈ ಹುಳ ಯಾವುದು, ಏನು ಮಾಡುತ್ತದೆ ಎಂದು ಹೇಳಬೇಕಿತ್ತು. ನಾಲ್ಕಾರು ಹುಳಗಳನ್ನು ಪೌಡರಿನ ಖಾಲಿ ಡಬ್ಬಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಸೊಲ್ಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಹಿಡಿದಿದ್ದೆ. ಗಾಳಿಗೆ ಅದು ಸರಿದು, ಎದುರಿಗೆ ಕೂತ ಮುದುಕನ ಕಣ್ಣಿಗೆ ಗುಳ್ಳೆ ಕಂಡರೆ, ನಡುದಾರಿಯಲ್ಲಿ ಇಳಿಸಿಬಿಡುತ್ತಿದ್ದರು. ಸೊಲ್ಲಾಪುರದಲ್ಲಿ ಇಳಿದು ನಮ್ಮ ಮನೆಯ ಕಡೆ ಹೋಗದೆ ನಾನು ಓದಿದ ಕಾಲೇಜಿಗೆ ನಡೆದೆ. ಸೋದರತ್ತೆ ನನ್ನ ಕುತ್ತಿಗೆ ನೋಡುವುದು ನನಗೆ ಬೇಕಿರಲಿಲ್ಲ.

ಕಾಲೇಜಿನಲ್ಲಿ ನನಗೆ ಕಲಿಸಿದ ಪ್ರಾಧ್ಯಾಪಕರು ಧಾರವಾಡದ ಕಡೆಯವರು, ಅವಸರವೆಂದರೇನೆಂದೇ ತಿಳಿಯದವರು. ಡಬ್ಬಿ ತೆರೆಯುವ ಮೊದಲು ಕೇಳಿದರು: "ಕೈಲೆ ಮುಟ್ಟಿದಿ ಏನವಾ?"

"ಮುಟ್ಟೀನ್ರಿ, ಸರ್."

"ಆ ಕೈ ಕಣ್ಣಿಗಿ ಹಚ್ಚಬ್ಯಾಡ ಮತ್ತ. ಕೂದಲಾ ಒಳಗ ಹೋದ್ರ ಕಣ್ಣು ಕೆಡ್ತಾವ."

ನಾನು ಹಿಂದಿನ ದಿನವಷ್ಟೇ ಸೆರಗಿನಿಂದ ಕಣ್ಣೊರಸಿಕೊಂಡಿದ್ದೆ. ಸೋದರತ್ತೆಯ ಬಿಳಿ ಕಣ್ಣು ನೆನಪಾಗಿ ಸ್ಟೂಲಿನ ಅಂಚು ಹಿಡಿದು ಕೂತೆ.

ಅವರು ಚಿಮಟದಿಂದ ಒಂದು ಹುಳವನ್ನೆತ್ತಿ ಮಸೂರದಡಿ ಇಟ್ಟರು. ನಾನೂ ಬಾಗಿ ನೋಡಿದೆ. ಮುಂದಿನ ರೆಕ್ಕೆಯ ನಡುವೆ ಕಂದುಬಣ್ಣದ ಮಸುಕು ಕಲೆ, ಹಿಂದಿನ ರೆಕ್ಕೆ ಇನ್ನೂ ತಿಳಿಹಳದಿ. ಗಂಡುಹುಳದ ಮೀಸೆಗಳು ಬಾಚಣಿಗೆಯಂತೆ. ಹೂವಿನ ರಸ ಹೀರುವ ನಾಲಗೆಯೇ ಇಲ್ಲ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ಮೊಟ್ಟೆಯಿಟ್ಟು ಸಾಯುತ್ತದೆ.

"ಇನ್ನ ಬಣ್ಣಾ ತಗಿಯೋಣ" ಎಂದರು. ಒಂದು ರೆಕ್ಕೆ ಬಿಡಿಸಿ ಸ್ಪಿರಿಟ್ಟಿನಲ್ಲಿ ಅದ್ದಿ, ಕುಂಚದಿಂದ ಹಳದಿ ಪುಡಿಯನ್ನೆಲ್ಲ ಮೆಲ್ಲಗೆ ತೊಳೆದರು. ಉಳಿದದ್ದು ಗಾಜಿನ ಚೂರಿನಂಥ ಒಂದು ಪಾರದರ್ಶಕ ತುಣುಕು. ಅದರಲ್ಲಿ ನರಗಳ ಕವಲು. ಅವರು ಆ ಕವಲುಗಳನ್ನು ದಪ್ಪ ಸಂಪುಟವೊಂದರ ಚಿತ್ರದೊಂದಿಗೆ ಹೋಲಿಸತೊಡಗಿದರು. "ಹಳದಿ ಹುಳಾ ಅಂದ್ರ ನೂರು ಜಾತಿ ಅದಾವ. ಬಣ್ಣಾ ನೋಡಿ ಹೆಸರ ಇಟ್ಟವರೆಲ್ಲಾ ಕೆಟ್ಟಾರ."

ಕುಟುಂಬ ಬೇಗ ತಿಳಿಯಿತು: ಕುಚ್ಚುಗೂದಲಿನ ಕಂಬಳಿಹುಳಗಳಿಂದ ಹುಟ್ಟುವ ಪತಂಗಗಳದು. ಕುಲ ಯುಪ್ರಾಕ್ಟಿಸ್ ಎಂದರು. ಹಾಗೆಂದರೇನು ಎಂದು ನಾನು ಕೇಳಿದಾಗ ಕಿಟಕಿಯ ಕಡೆ ತಿರುಗಿ, "ಗ್ರೀಕ್ ಮಾತವಾ. ಹಿಂಭಾಗ ಚಂದ ಇದ್ದದ್ದು ಅಂತ" ಎಂದು ಬೇಗ ಹೇಳಿ ಕೆಮ್ಮಿದರು. ಮೂರು ದಿನಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಜಾತಿಯ ಹೆಸರು ಮಾತ್ರ ಗಟ್ಟಿಯಾಗಲಿಲ್ಲ. ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೆಯ ಮಾದರಿಗಳಲ್ಲಿ ಎರಡು ನಮ್ಮ ಹುಳಕ್ಕೆ ಹತ್ತಿರವಿದ್ದವು. ಒಂದರ ಕಲೆ ಅರ್ಧಚಂದ್ರದ ಹಾಗೆ, ಇನ್ನೊಂದರದು ಎರಡು ಚುಕ್ಕೆ. ನಮ್ಮದು ಅವೆರಡರ ನಡುವೆ. "ಇದಕ್ಕ ಹತ್ತಿರದ್ದು ಅಂತ ಹೇಳಬಹುದು, ಇದೇ ಅಂತ ಹೇಳಾಕ ಬರೂದಿಲ್ಲ" ಎಂದರು. ಮುಂದಿನ ದಶಕಗಳಲ್ಲಿ ಆ ಕುಲವನ್ನೇ ಒಡೆದು ಹಂಚಿದರೆಂದು ಕೇಳಿದ್ದೇನೆ. ನಮ್ಮ ಹಿತ್ತಲ ಹುಳ ಈಗ ಯಾವ ಹೆಸರಿನಡಿ ಇದೆಯೋ ನನಗೆ ತಿಳಿಯದು.

ಹೊರಡುವ ಮುಂಚೆ ನಾನು ಕೇಳಬೇಕಾದ್ದನ್ನು ಕೇಳಿದೆ. "ಸರ್, ಇದರ ಗುಳ್ಳಿ ಯಾವುದು, ಸಿಡುಬಿನ ಗುಳ್ಳಿ ಯಾವುದು ಅಂತ ಹ್ಯಾಂಗ ತಿಳೀಬೇಕ್ರಿ?"

ಅವರು ಕನ್ನಡಕ ತೆಗೆದರು. "ಅದು ನನ್ನ ವಿಷಯ ಅಲ್ಲವಾ. ಡಾಕ್ಟರ್ ಕೇಳು. ಆದ್ರ ಹುಳದ್ದು ಬಟ್ಟಿ ತಾಗೂ ಕಡಿ ಬರ್ತದ. ತಾಪ ಬರೂದಿಲ್ಲ. ದೇವಿಗಿ ಮೊದಲ ತಾಪ. ಆಮ್ಯಾಲ ಮಾರಿ, ಅಂಗೈ, ಅಂಗಾಲು. ಇಷ್ಟು ನನಗೂ ಗೊತ್ತದ."

ಕೂಸಿನ ಮುಖ, ಅಂಗೈ ಹಾಲಿನಂತೆ ಸ್ವಚ್ಛವಾಗಿದ್ದವು. ಬಸ್ಸಿನಲ್ಲಿ ಮರಳಿ ಬರುವಾಗ ಅದನ್ನೇ ನೆನೆಯುತ್ತಿದ್ದೆ.

ನಾನು ಬರುವಷ್ಟರಲ್ಲಿ ಕೂಸಿನ ಗುಳ್ಳೆ ಬಾಡುತ್ತಿದ್ದವು. ಕುದಿಸಿದ ಬಟ್ಟೆ ಉಡಿಸಿದ ಮೇಲೆ ಹೊಸದೊಂದೂ ಎದ್ದಿರಲಿಲ್ಲ. ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಆಚೆ ಬದಿಗೆ ದಾಟುತ್ತಿದ್ದವರು ಈಗ ನಮ್ಮ ಅಂಗಳಕ್ಕೇ ಬರತೊಡಗಿದರು. ಔಡಲ ಎಲ್ಲರ ಹಿತ್ತಲಲ್ಲೂ ಇತ್ತು, ಗುಳ್ಳೆಗಳು ಬಹಳ ಮನೆಗಳಲ್ಲಿ ಇದ್ದವು, ಭಯಕ್ಕೆ ಬಚ್ಚಿಟ್ಟುಕೊಂಡಿದ್ದರು. ಹೆಂಗಸರು ತೋಳು, ಸೊಂಟ ತೋರಿಸಿ, "ಇದೂ ಹುಳದ್ದೇನ್ರಿ, ಅಕ್ಕೋರ?" ಎಂದು ಕೇಳುವರು. ನಾನು ಮುಖ ನೋಡಿ, ಅಂಗೈ ನೋಡಿ, ಜ್ವರ ಬಂದಿತ್ತೇ ಎಂದು ಕೇಳಿ, "ಹುಳದ್ದೇ" ಎನ್ನುವೆ. ಅವರು ನಗುತ್ತ ಹೋಗುವರು. ದವಾಖಾನೆಗೆ ಹೋಗಿ ಅಂದರೆ ಯಾರೂ ಹೋಗರು. ಒಬ್ಬೊಬ್ಬರು ನಕ್ಕು ಹೋದ ಹಾಗೆಲ್ಲ ನನ್ನ ಎದೆಯ ಭಾರ ಹೆಚ್ಚುತ್ತಿತ್ತು. ನಾನು ವೈದ್ಯಳಲ್ಲ. ಈ ಮಾತು ಒಂದು ಸಲ ತಪ್ಪಿದರೆ?

ಒಂದು ಮಧ್ಯಾಹ್ನ ಮೂಲೆಮನೆಯ ಹೆಂಗಸು ಮಗಳನ್ನು ಕರೆತಂದಳು. ಗಂಡ ಸೊಲ್ಲಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದು ಆಗಾಗ ಬಂದು ಹೋಗುತ್ತಿದ್ದವನು. ಮಗಳಿಗೆ ಹತ್ತು ಹನ್ನೊಂದರ ವಯಸ್ಸು. ಬಿಸಿಲಲ್ಲೂ ಕೌದಿ ಹೊದ್ದು, ತಾಯಿಗೆ ಒರಗಿಕೊಂಡು ನಡೆದು ಬಂದಳು. ಅಂಗಳದಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದರು. ವೈನಿ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಮ್ಮ ಪೋರಿಗೂ ಹುಳಾ ತಾಗ್ಯಾದ್ರಿ. ಒಂದ ಸಲ ನೋಡ್ರಿ."

"ತಾಪ ಬಂದಿತ್ತೇನ್ರಿ?"

"ಬಂದಿತ್ತ್ರಿ. ಮೂರು ದಿನಾ ಹಾಸಿಗಿ ಬಿಟ್ಟು ಎದ್ದಿಲ್ಲ. ಈಗ ಇಳದದ. ಇಳದ ಮ್ಯಾಲ ಇವು ಎದ್ದಾವ."

ನಾನು ಕೌದಿ ಸರಿಸಿದೆ. ಹಣೆ, ಕೆನ್ನೆ, ಮೂಗಿನ ಮೇಲೆ ಗುಳ್ಳೆ. ಹೊಟ್ಟೆಯ ಮೇಲೆ ಅಷ್ಟಿಲ್ಲ. ಎಲ್ಲವೂ ಒಂದೇ ಹದದವು. ಅವಳ ಅಂಗೈ ಬಿಡಿಸಿದೆ. ಅಲ್ಲಿಯೂ ಇದ್ದವು. ಒಂದನ್ನು ಬೆರಳಿನಿಂದ ಒತ್ತಿದೆ. ಚರ್ಮದಡಿ ಬಂದೂಕಿನ ಸಣ್ಣ ಗುಂಡು ಹುದುಗಿದಂತೆ ಗಟ್ಟಿ. ಹುಡುಗಿ ತುರಿಸಿಕೊಳ್ಳುತ್ತಿರಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

ನನ್ನ ಬೆನ್ನ ಹಿಂದೆ ಕೂಸು ಕೇಕೆ ಹಾಕುತ್ತಿತ್ತು.

"ಹುಳದ್ದ ಅನ್ರಿ, ಅಕ್ಕೋರ" ಎಂದಳು ತಾಯಿ. ಅವಳ ದನಿಯಲ್ಲೇ ಗೊತ್ತಾಯಿತು, ಅವಳಿಗೂ ತಿಳಿದಿತ್ತು.

"ಅಲ್ರಿ" ಎಂದೆ. "ಇದು ಹುಳದ್ದಲ್ಲ. ಈಗಿಂದೀಗ ದವಾಖಾನಿಗಿ ಹೇಳಬೇಕು." ತಿರುಗದೆಯೇ ಹೇಳಿದೆ: "ವೈನಿ, ಕೂಸಿನ್ನ ಒಳಗ ಒಯ್ರಿ. ಬಾಗಲಾ ಹಾಕ್ಕೋರಿ."

ಬಾಗಿಲು ಹಾಕಿದ ಸದ್ದು ಕೇಳಿಸಿತು. ಆ ತಾಯಿ ಮಗಳ ಮುಖದ ಮೇಲೆ ಕೌದಿ ಎಳೆದು ಎದ್ದು ನಿಂತಳು.

"ನಿಮ್ಮ ಮನಿ ಕೂಸಿಗಿ ಹುಳಾ. ಓಣಿ ಮಂದಿಗೆಲ್ಲಾ ಹುಳಾ. ನನ್ನ ಮಗಳಿಗಿ ಒಬ್ಬಾಕಿಗಿ ದೇವಿ ಏನ್ರಿ?"

ಆಯಿ ಜೋಳದ ಮೊರ ಕೆಳಗಿಟ್ಟು, "ಬೈಬ್ಯಾಡವಾ ಅಕ್ಕೋರಿಗಿ. ದೇವಿ ಬಂದಿದ್ದರ ಬಂದಾಳ. ಮನಿಗಿ ನಡಿ, ಪೋರಿನ್ನ ಮಲಗಸು" ಎಂದರು. ಅವರಿಬ್ಬರೂ ಹೋದ ದಾರಿಯನ್ನೇ ನೋಡುತ್ತ ನಿಂತಿದ್ದೆ. ನನ್ನ ಬೆರಳ ತುದಿಯಲ್ಲಿ ಆ ಗುಳ್ಳೆಯ ಗಟ್ಟಿತನ ಇನ್ನೂ ಇತ್ತು. ಒಲೆಯ ಬೂದಿಯಿಂದ ಕೈ ಉಜ್ಜಿ ಉಜ್ಜಿ ತೊಳೆದೆ.

ದವಾಖಾನೆಗೆ ನಾನೇ ಹೋಗಿ ಹೇಳಿದೆ. ಡಾಕ್ಟರು ಅಂದೇ ಬಂದು ನೋಡಿ ಹೌದೆಂದರು. ಆ ಮನೆಯ ಬಾಗಿಲಲ್ಲಿ ಒಬ್ಬರನ್ನು ಕಾವಲು ಕೂರಿಸಿದರು. ಮರುದಿನ ಬೆಳಿಗ್ಗೆ ದೇವಿ ಹಾಕುವವರು ಪೆಟ್ಟಿಗೆ ಹಿಡಿದು ಓಣಿಗೆ ಬಂದರು. ಮಂದಿ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ನಾನು ಮೊದಲು ತೋಳು ಕೊಟ್ಟೆ. ಆಮೇಲೆ ವೈನಿ. ಕೂಸಿನ ಸರದಿ ಬಂದಾಗ ವೈನಿ ಅತ್ತೆಯ ಮುಖ ನೋಡಿದಳು. ಆಯಿ ಒಳಗೆ ಹೋದರು. ಅವರು ಇನ್ನು ಹೊರಗೆ ಬರುವುದಿಲ್ಲವೆಂದೇ ತಿಳಿದೆ. ಬಂದರು. ಕೂಸಿನ ಹಣೆಗೆ ಭಂಡಾರ ಹಚ್ಚಿದರು. ದೇವಿ ಹಾಕುವವರ ಹಣೆಗೂ ಹಚ್ಚಿದರು. ಆ ಮನುಷ್ಯ ತಬ್ಬಿಬ್ಬಾಗಿ ಟೋಪಿ ಸರಿಪಡಿಸಿಕೊಂಡರು. ಆಯಿ ಕೂಸನ್ನು ತಾವೇ ತೊಡೆಯ ಮೇಲೆ ಹಾಕಿಕೊಂಡು, ಕುಂಚಿಗೆ ಸರಿಸಿ, ಅದರ ಸಣ್ಣ ತೋಳನ್ನು ಹಿಡಿದುಕೊಟ್ಟರು.

ಅಲ್ಲಿಂದ ಮುಂದಿನ ದಿನಗಳೇ ಎಲ್ಲಕ್ಕಿಂತ ಕಷ್ಟದವು. ಹುಡುಗಿ ಅಂಗಳಕ್ಕೆ ಬಂದ ಆ ಮಧ್ಯಾಹ್ನವೇ ಕೂಸಿಗೆ ಗಾಳಿ ತಾಗಿದ್ದರೆ, ಚುಚ್ಚಿದ ಲಸಿಕೆ ಬೇನೆಗಿಂತ ಮುಂದೆ ಓಡಿ ಅದನ್ನು ತಡೆಯಬೇಕು. ತಡೆಯುತ್ತದೆಯೋ ಇಲ್ಲವೋ ಯಾರೂ ಹೇಳಲಾರರು. ಚುಚ್ಚಿದ ಕಡೆ ಗುಳ್ಳೆ ಎದ್ದು ಕೂಸಿಗೆ ಜ್ವರ ಬಂದಿತು. ಅದು ಲಸಿಕೆಯ ಜ್ವರವೋ ಬೇರೆಯದೋ? ವೈನಿ ಊಟ ಬಿಟ್ಟಳು. ನಾನು ಪ್ರತಿ ಬೆಳಿಗ್ಗೆ ಬೆಳಕಿಗೆ ಹಿಡಿದು ಕೂಸಿನ ಮುಖ ನೋಡುತ್ತಿದ್ದೆ, ಅಂಗೈ ಬಿಡಿಸಿ ನೋಡುತ್ತಿದ್ದೆ. ಅದು ಆಟವೆಂದು ತಿಳಿದು ನನ್ನ ಬೆರಳನ್ನು ಹಿಡಿದುಕೊಳ್ಳುತ್ತಿತ್ತು. ಓಣಿಯಲ್ಲಿ ಇನ್ನೊಂದು ಅಳು ಎದ್ದಿತು. ಮೂಲೆಮನೆಯ ಮುದುಕ, ಹುಡುಗಿಯ ಅಜ್ಜ, ಮೊಮ್ಮಗಳ ಹಾಸಿಗೆಯ ಬಳಿ ಕೂತೇ ಬೇನೆ ಹತ್ತಿಸಿಕೊಂಡು ತೀರಿಕೊಂಡಿದ್ದರು. ಹೊರಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು.

ಕೂಸಿನ ತೋಳಿನ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿ ಉದುರಿತು. ಜ್ವರ ಹೋಯಿತು. ಮುಖ ಸ್ವಚ್ಛವಾಗಿಯೇ ಉಳಿಯಿತು. ಡಾಕ್ಟರು ಇನ್ನು ಕಾಳಜಿ ಬೇಡವೆಂದ ದಿನ ಆಯಿ ಕುಡುಗೋಲು ಹಿಡಿದು ಹಿತ್ತಲಿಗೆ ಹೋಗಿ, ಔಡಲದ ಗಿಡಗಳನ್ನೆಲ್ಲ ಬುಡಕ್ಕೆ ಕಡಿದು ರಾಶಿ ಹಾಕಿ ಬೆಂಕಿಯಿಟ್ಟರು. ನಾನು ನೋಡುತ್ತ ನಿಂತಿದ್ದನ್ನು ಕಂಡು, "ಮೈಲಾರಪ್ಪನ ಬಣ್ಣಾ ಬಡಕೊಂಡವೆಲ್ಲಾ ಮೈಲಾರಪ್ಪ ಆಗ್ತಾವೇನ್ರಿ?" ಎಂದರು. ಹೊಗೆ ಕಣ್ಣಿಗೆ ತಾಗದಂತೆ ನಾವಿಬ್ಬರೂ ಸೆರಗು ಮುಚ್ಚಿಕೊಂಡು ಹಿಂದೆ ಸರಿದೆವು.

ಮೂಲೆಮನೆಯ ಹುಡುಗಿ ಬದುಕಿದಳು. ಕಣ್ಣುಗಳು ಉಳಿದವು, ಮುಖ ಉಳಿಯಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ನಮ್ಮ ಶಾಲೆಗೇ ಸೇರಿದಳು. ಮೊದಲ ದಿನ ತಾಯಿ ಗೇಟಿನವರೆಗೆ ಬಂದು ಬಿಟ್ಟು, ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಆ ಊರು ಬಿಡುವವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ.

ಹುಡುಗಿಯನ್ನು ನಾನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಪಕ್ಕದಲ್ಲಿದ್ದವಳು ಪಾಟಿ ಎತ್ತಿಕೊಂಡು ಆಚೆ ಸರಿದಳು.

"ಸರೀಬ್ಯಾಡ" ಎಂದೆ. "ಅದು ಈಗ ಅಂಟೂದಿಲ್ಲ."

"ಖರೇನ್ರಿ, ಬಾಯಿ?"

ತರಗತಿಯ ಹುಡುಗಿಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ನನಗೆ ಸಂಶಯವಿರಲಿಲ್ಲ.

"ಖರೇ" ಎಂದೆ.

ಆಚೆ ಸರಿದವಳು ಪಾಟಿಯನ್ನು ಮೊದಲಿದ್ದ ಕಡೆಗೇ ತಂದಿಟ್ಟಳು. ನಾನು ಕರಿಹಲಗೆಯ ಕಡೆ ತಿರುಗಿ ದಿನಾಂಕ ಬರೆದೆ.